2.20 ಅಂದ್ರೆ ಎಷ್ಟು?

ಒಂದು ಸಣ್ಣ ಪ್ರಶ್ನೆ. 2.20 ಅಂದ್ರೆ ಎಷ್ಟು?

ಬಸ್ಸಿಗೆ ಕಾಯ್ತಾ ಇರೋರಿಗೆ ಅದು ಎರಡು ಗಂಟೆ ಇಪ್ಪತ್ತು ನಿಮಿಷ. ಅಂಗಡಿಯವರಿಗೆ ಎರಡು ರೂಪಾಯಿ ಇಪ್ಪತ್ತು ಪೈಸೆ (ಇಪ್ಪತ್ತು ಪೈಸೆ ನಾಣ್ಯ ನೋಡಿ ಎಷ್ಟು ವರ್ಷ ಆಯ್ತು ಅಂತ ಮಾತ್ರ ಕೇಳಬೇಡಿ). ಗಣಿತದ ಮೇಷ್ಟ್ರಿಗೆ ಎರಡು, ಅದರ ಮೇಲೆ ಐದನೇ ಒಂದು ಭಾಗ. ನಮ್ಮ ತುಮಕೂರು ಕಡೆಯ ರೈತರನ್ನ ಜಮೀನಿನ ವಿಷಯವಾಗಿ ಕೇಳಿದರೆ "ಎರಡೂವರೆ ಎಕರೆ" ಅಂತಾರೆ. ಇವರಲ್ಲಿ ಯಾರೂ ತಪ್ಪು ಹೇಳ್ತಾ ಇಲ್ಲ.

ಅಂದ ಮೇಲೆ ಸರಿ ಉತ್ತರ ಆ ಅಂಕಿಯೊಳಗೆ ಇಲ್ಲ ಅಂತಾಯ್ತು. ಅದರ ಪಕ್ಕದಲ್ಲಿ ಇನ್ನೊಂದು ಮಾತು ಬೇಕು. ಇದು ಹೊತ್ತೋ, ದುಡ್ಡೋ, ನೆಲವೋ? ಅಳತೆ ಯಾವುದು? ಬರೆದವರು ಯಾರು, ಯಾವಾಗ? ಹೀಗೆ ಅಂಕಿಯ ಪಕ್ಕ ನಿಂತು ಅದಕ್ಕೆ ಅರ್ಥ ಕೊಡೋ ಮಾತಿಗೆ ನಮ್ಮ ಸಾಫ್ಟ್‌ವೇರ್ ಮಂದಿ ಇಟ್ಟಿರೋ ಹೆಸರು ಮೆಟಾಡೇಟಾ. 1968ರಲ್ಲಿ ಫಿಲಿಪ್ ಬ್ಯಾಗ್ಲಿ ಅನ್ನೋ ಕಂಪ್ಯೂಟರ್ ತಜ್ಞರು ಈ ಪದವನ್ನ ಬಳಸಿದರು. ಪುಸ್ತಕಗಳಲ್ಲಿ ಇದಕ್ಕೆ "ಡೇಟಾದ ಬಗೆಗಿನ ಡೇಟಾ" ಅಂತ ವ್ಯಾಖ್ಯೆ ಕೊಟ್ಟಿರ್ತಾರೆ. ಆ ವ್ಯಾಖ್ಯೆ ಓದಿ ಯಾರಿಗಾದರೂ ಏನಾದರೂ ಅರ್ಥ ಆಗಿದ್ದು ನಾನಂತೂ ಕಂಡಿಲ್ಲ :)

ನಂಗೆ ಇದು ಅರ್ಥ ಆಗೋದು ಅಡುಗೆಮನೆಯಿಂದ. ನಮ್ಮಮ್ಮನ ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿ ಡಬ್ಬಗಳು. ಬೋರ್ನ್‌ವಿಟಾ ಡಬ್ಬದಲ್ಲಿ ಹುಣಸೆಹಣ್ಣು, ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ, ಅದರ ಪಕ್ಕದ ಅಂಥದ್ದೇ ಬಾಟಲಿಯಲ್ಲಿ ಹುಳಿಪುಡಿ. ಒಂದರ ಮೇಲೂ ಚೀಟಿ ಇಲ್ಲ. ಅಮ್ಮನಿಗೆ ಅದರ ಅಗತ್ಯವೂ ಇಲ್ಲ, ಕಣ್ಣು ಮುಚ್ಚಿಕೊಂಡು ಕೈ ಹಾಕ್ತಾರೆ. ಅಮ್ಮ ನಾಲ್ಕು ದಿನ ಊರಿಗೆ ಹೋದರೆ ಗೊತ್ತಾಗುತ್ತೆ. ಸಾಮಾನೆಲ್ಲ ಮನೇಲೇ ಇರುತ್ತೆ, ಒಂದು ಚಮಚದಷ್ಟೂ ಕಮ್ಮಿ ಆಗಿರಲ್ಲ, ಆದ್ರೂ ಅಡುಗೆ ಮಾಡಕ್ಕೆ ಆಗಲ್ಲ.

ದೊಡ್ಡ ದೊಡ್ಡ ಕಂಪನಿಗಳ ಡೇಟಾಬೇಸುಗಳು ಬಹುಮಟ್ಟಿಗೆ ನಮ್ಮಮ್ಮನ ಅಡುಗೆಮನೆಯ ಹಾಗೇ ಇರ್ತವೆ. ಹೊಟ್ಟೆಪಾಡಿಗೆ ಡೇಟಾಬೇಸ್ ಕೆಲಸ ಮಾಡ್ಕೊಂಡು ಬಂದಿರೋನು ನಾನು, ಹಾಗಾಗಿ ಈ ಮಾತನ್ನ ಧೈರ್ಯವಾಗಿ ಹೇಳಬಲ್ಲೆ.

ಹಾಗಂತ ಡೇಟಾಬೇಸಿಗೆ ತನ್ನ ಬಗ್ಗೆ ಏನೂ ಗೊತ್ತಿರಲ್ಲ ಅಂತಲ್ಲ. ಇವತ್ತು ನಾವು ಬಳಸೋ ರಿಲೇಶನಲ್ ಡೇಟಾಬೇಸುಗಳಿಗೆ ತಳಹದಿ ಹಾಕಿದ್ದು ಐಬಿಎಂನಲ್ಲಿದ್ದ ಇ. ಎಫ್. ಕಾಡ್, 1970ರ ಒಂದು ಪ್ರಬಂಧದಲ್ಲಿ. ಆಮೇಲೆ 1985ರಲ್ಲಿ ಅವರೇ, ರಿಲೇಶನಲ್ ಅಂತ ಹೇಳಿಕೊಳ್ಳೋ ಡೇಟಾಬೇಸ್ ಹೇಗಿರಬೇಕು ಅಂತ ಕೆಲವು ನಿಯಮಗಳನ್ನ ಪಟ್ಟಿ ಮಾಡಿದರು. ಅದರಲ್ಲಿ ನಾಲ್ಕನೆಯದು ನನಗೆ ಬಹಳ ಇಷ್ಟ. ಡೇಟಾಬೇಸು ತನ್ನ ವಿವರಗಳನ್ನ ತನ್ನೊಳಗೇ ಇಟ್ಟುಕೊಂಡಿರಬೇಕು, ಅದೂ ಉಳಿದ ಡೇಟಾದ ಥರಾನೇ ಟೇಬಲ್ ರೂಪದಲ್ಲಿ, ಡೇಟಾವನ್ನ ಯಾವ ಭಾಷೆಯಲ್ಲಿ ಕೇಳ್ತೀವೋ ಅದೇ ಭಾಷೆಯಲ್ಲಿ "ನಿನ್ನೊಳಗೆ ಏನೇನಿದೆ?" ಅಂತಲೂ ಕೇಳೋ ಹಾಗಿರಬೇಕು ಅಂತ. ಹಾಗೇ ಆಯ್ತು ಕೂಡ. ಒರಾಕಲ್‌ನಲ್ಲಿ ಅದಕ್ಕೆ ಡೇಟಾ ಡಿಕ್ಷನರಿ ಅಂತಾರೆ. 1992ರ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಲ್ಲಿ ಇನ್ಫರ್ಮೇಶನ್ ಸ್ಕೀಮಾ ಅನ್ನೋ ಹೆಸರಲ್ಲಿ ಅದು ಬಂತು. ಎಷ್ಟು ಟೇಬಲ್ ಇವೆ, ಪ್ರತಿಯೊಂದರಲ್ಲಿ ಯಾವ ಯಾವ ಕಾಲಂ, ಯಾವುದು ಅಂಕಿ, ಯಾವುದು ಅಕ್ಷರ, ಎಷ್ಟು ಉದ್ದ, ಖಾಲಿ ಬಿಡಬಹುದಾ ಇಲ್ಲವಾ, ಎಲ್ಲ ಹೇಳುತ್ತೆ. ತಾನಾಗಿಯೇ ಹುಟ್ಟೋ ಮೆಟಾಡೇಟಾ ಇದು, ಯಾರೂ ಕೂತು ಬರೀಬೇಕಾಗಿಲ್ಲ.

ಆದರೆ ಇದು ಡಬ್ಬದ ಅಳತೆ ಹೇಳಿದ ಹಾಗೆ. ಅರ್ಧ ಕೇಜಿ ಹಿಡಿಯುತ್ತೆ, ಸ್ಟೀಲಿನದು, ಮುಚ್ಚಳ ಇದೆ. ಒಳಗಿರೋದು ಸಾರಿನ ಪುಡಿಯೋ ಹುಳಿಪುಡಿಯೋ ಅದಕ್ಕೆ ಗೊತ್ತಿಲ್ಲ. ಅದನ್ನ ಮನುಷ್ಯರೇ ಬರೀಬೇಕು. ಈ ಎರಡನೇ ಥರದ್ದಕ್ಕೆ ಬಿಸಿನೆಸ್ ಮೆಟಾಡೇಟಾ ಅಂತಾರೆ. ವ್ಯಾಪಾರ ವ್ಯವಹಾರಗಳಲ್ಲಿ ಎಡವಟ್ಟುಗಳೆಲ್ಲ ಹೆಚ್ಚಾಗಿ ಆಗೋದು ಇಲ್ಲೇ.

ಇಷ್ಟು ಪೀಠಿಕೆ ಸಾಕು, ಈಗ ಆ 2.20ರ ಕಥೆಗೆ ಬರ್ತೀನಿ.

ಕೆಲವು ವರ್ಷಗಳ ಹಿಂದೆ ರೈತರಿಗೆ ಬೆಳೆಸಾಲ ಕೊಡೋ ಒಂದು ಹಣಕಾಸು ಸಂಸ್ಥೆಯ (ಹೆಸರು ಬೇಡ) ಹಳೇ ಸಾಫ್ಟ್‌ವೇರಿನಿಂದ ಹೊಸದಕ್ಕೆ ಡೇಟಾ ಸಾಗಿಸೋ ಕೆಲಸ ನಮ್ಮ ಟೀಮಿಗೆ ಬಂದಿತ್ತು. ಹಳೇದು ಒಂದೊಂದು ಶಾಖೆಯಲ್ಲಿ ಒಂದೊಂದು ಕಂಪ್ಯೂಟರಿನಲ್ಲಿ ಓಡ್ತಾ ಇದ್ದ ವ್ಯವಸ್ಥೆ. ಹೊಸದು ಎಲ್ಲ ಶಾಖೆಗೂ ಸೇರಿ ಒಂದೇ. ಅದರಲ್ಲಿ ರೈತರ ಜಮೀನಿನ ವಿವರದ ಒಂದು ಟೇಬಲ್. ಸರ್ವೆ ನಂಬರ್, ಹಿಸ್ಸಾ, ಗ್ರಾಮ, ಹೋಬಳಿ, ಜೊತೆಗೆ "ಎಕ್ಸ್‌ಟೆಂಟ್" ಅಂತ ಒಂದು ಕಾಲಂ. ಅಂದರೆ ವಿಸ್ತೀರ್ಣ. ಡೇಟಾಬೇಸನ್ನ ಕೇಳಿದರೆ "ಇದು ಅಂಕಿ, ಚುಕ್ಕಿಯ ನಂತರ ಎರಡು ಸ್ಥಾನ" ಅಂತ ಹೇಳ್ತು. ಅವರು ಕೊಟ್ಟ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಕಾಲಮ್ಮಿಗೂ ವಿವರಣೆ ಇತ್ತು. ಎಕ್ಸ್‌ಟೆಂಟ್ ಪಕ್ಕದಲ್ಲಿ ಏನಿತ್ತು ಗೊತ್ತಾ? "ಜಮೀನಿನ ಎಕ್ಸ್‌ಟೆಂಟ್". ರಾಮ ಯಾರು ಅಂದರೆ ರಾಮಾನೇ ಅಂದ ಹಾಗೆ!

ಡೇಟಾ ಸಾಗಿಸೋಕೆ ಮುಂಚೆ ನಾವು ಪ್ರೊಫೈಲಿಂಗ್ ಅಂತ ಮಾಡ್ತೀವಿ. ಒಂದೊಂದು ಕಾಲಮ್ಮಿನಲ್ಲೂ ಅತಿ ಚಿಕ್ಕ ಬೆಲೆ ಯಾವುದು, ದೊಡ್ಡದು ಯಾವುದು, ಖಾಲಿ ಎಷ್ಟು, ಯಾವ ಬೆಲೆ ಎಷ್ಟು ಸಲ ಬಂದಿದೆ ಅಂತೆಲ್ಲ ಎಣಿಸೋದು. ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿದ ಹಾಗೆ. ಈ ವಿಸ್ತೀರ್ಣದ ಕಾಲಮ್ಮನ್ನ ಎಣಿಸಿದಾಗ ಒಂದು ವಿಚಿತ್ರ ಕಾಣಿಸ್ತು. ಚುಕ್ಕಿಯ ಆಚೆ 00, 10, 20, 30 ಹೇರಳವಾಗಿದ್ದವು. 35, 38, 39 ಕೂಡ ಇದ್ದವು. ಬಯಲುಸೀಮೆಯ ಶಾಖೆಗಳಲ್ಲಿ 39 ಆದ ಮೇಲೆ ಏನೂ ಇಲ್ಲ. 40ರಿಂದ 99ರವರೆಗೆ ಬಟಾಬಯಲು.

ನಾನು ಬೆಳೆದಿದ್ದು ಗುಂಟೆ ಲೆಕ್ಕದ ಊರಲ್ಲಿ. ನಲವತ್ತು ಗುಂಟೆಗೆ ಒಂದು ಎಕರೆ. ಒಂದು ಗುಂಟೆ ಅಂದರೆ ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ, ಅಂದರೆ 1089 ಚದರಡಿ. ಹಾಗಾಗಿ 39ಕ್ಕೆ ನಿಂತಿದ್ದು ಕಂಡ ತಕ್ಷಣ ಇದು ದಶಮಾಂಶ ಅಲ್ಲವೇ ಅಲ್ಲ, ಗುಂಟೆ ಅಂತ ಅನ್ನಿಸ್ತು. 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಎರಡೂವರೆ ಎಕರೆ. ಪಕ್ಕದಲ್ಲಿ ಕೂತಿದ್ದ ಪುತ್ತೂರಿನ ಗೆಳೆಯ ಒಪ್ಪಲಿಲ್ಲ. "ಎಂಥದು ಮಾರಾಯ, ನಮ್ಮ ಕಡೆಯ ಶಾಖೆಗಳದ್ದು ನೋಡು, 2.50 ಉಂಟು, 1.75 ಉಂಟು. ನಮ್ಮಲ್ಲಿ ಗುಂಟೆ ಯಾರಿಗೆ ಗೊತ್ತು, ಸೆಂಟ್ಸ್ ಲೆಕ್ಕ" ಅಂದ. ಅವನು ಹೇಳಿದ್ದೂ ಸರಿಯೇ. ದಕ್ಷಿಣ ಕನ್ನಡ, ಉಡುಪಿ ಕಡೆ ಹಿಂದೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿ ನೂರು ಸೆಂಟ್ಸಿಗೆ ಒಂದು ಎಕರೆ.

ಈಗ ನೋಡಿ ಮಜಾ. ತುಮಕೂರಿನ 2.20 ಮತ್ತು ಪುತ್ತೂರಿನ 2.50 ಎರಡೂ ಒಂದೇ ಅಳತೆಯ ನೆಲ. ತುಮಕೂರಿನ 2.20 ಮತ್ತು ಪುತ್ತೂರಿನ 2.20 ಬೇರೆ ಬೇರೆ ನೆಲ. ಎಲ್ಲ ಒಂದೇ ಟೇಬಲ್ಲು, ಒಂದೇ ಕಾಲಮ್ಮು. ಆ ಕಡೆ ಕಂಪ್ಯೂಟರು 1.30ಕ್ಕೆ 1.30 ಕೂಡಿಸಿ 2.60 ಅಂತ ಖುಷಿಯಾಗಿ ಹೇಳ್ತಾ ಇತ್ತು. ಅರವತ್ತು ಗುಂಟೆ! ಹಳ್ಳಿಯಲ್ಲಿ ಹೀಗೆ ಲೆಕ್ಕ ಒಪ್ಪಿಸಿದರೆ ನಗ್ತಾರೆ. ಅದು ಮೂರು ಎಕರೆ ಇಪ್ಪತ್ತು ಗುಂಟೆ ಆಗಬೇಕು.

ನಮ್ಮ ಊಹೆ ಸರಿಯಾ ಅಂತ ಕೇಳೋಣ ಅಂತ ಆ ಸಂಸ್ಥೆಯ ಹಿರಿಯ ಫೀಲ್ಡ್ ಆಫೀಸರ್ ಒಬ್ಬರಿಗೆ ಫೋನ್ ಮಾಡಿದ್ವಿ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವರು. ವಿಷಯ ಹೇಳಿದ್ದೇ ತಡ, "ಅಯ್ಯೋ ಅದು ಪಾಯಿಂಟ್ ಅಲ್ಲ ಸ್ವಾಮಿ, ಗೆರೆ" ಅಂದರು. ಕೈಯಲ್ಲಿ ಬರೆಯುವಾಗ ಅವರೆಲ್ಲ 2-20 ಅಂತ ಬರೀತಿದ್ದರಂತೆ. ಮೊದಲ ಸಲ ಕಂಪ್ಯೂಟರ್ ಬಂದಾಗ ಆ ಜಾಗದಲ್ಲಿ ಗೆರೆ ಒತ್ತಿದರೆ ತಗೊಳ್ತಾ ಇರಲಿಲ್ಲ, ಬರೀ ಅಂಕಿ ಮತ್ತು ಚುಕ್ಕಿ ಮಾತ್ರ. ಅದಕ್ಕೇ ಗೆರೆಯ ಬದಲು ಚುಕ್ಕಿ. ಎಲ್ಲರಿಗೂ ಗೊತ್ತಿದ್ದ ವಿಷಯ, ಹಾಗಾಗಿ ಯಾರೂ ಎಲ್ಲೂ ಬರೆದಿಡಲಿಲ್ಲ.

"ಇಷ್ಟು ವರ್ಷ ತೊಂದರೆ ಆಗಲಿಲ್ವಾ ಸಾರ್?" ಅಂತ ಕೇಳಿದೆ. ಆಗಿರಲಿಲ್ಲ, ಅದಕ್ಕೆ ಕಾರಣಾನೂ ಅವರೇ ಹೇಳಿದರು. ಹಳೇ ವ್ಯವಸ್ಥೆಯಲ್ಲಿ ವಿಸ್ತೀರ್ಣ ಬರೀ ಮಾಹಿತಿಗೆ ಇದ್ದ ಕಾಲಂ. ಎಷ್ಟು ಸಾಲ ಕೊಡಬಹುದು ಅನ್ನೋದನ್ನ ಆಫೀಸರು ಪಹಣಿ ಮುಂದಿಟ್ಟುಕೊಂಡು ಕೈಲೆಕ್ಕ ಹಾಕಿ, ಬಂದ ಮೊತ್ತವನ್ನ ಟೈಪ್ ಮಾಡ್ತಿದ್ದರು. ಹೊಸ ಸಾಫ್ಟ್‌ವೇರಿನಲ್ಲಿ ಆ ಲೆಕ್ಕವನ್ನ ಕಂಪ್ಯೂಟರೇ ಮಾಡುತ್ತೆ. ಬೆಳೆಗೆ ಎಕರೆಗೆ ಇಷ್ಟು ಅಂತ ನಿಗದಿ ಇರುತ್ತಲ್ಲ, ಅದನ್ನ ವಿಸ್ತೀರ್ಣದಿಂದ ಗುಣಿಸುತ್ತೆ. ಅಲ್ಲಿವರೆಗೆ ಅರ್ಥ ಮನುಷ್ಯರ ತಲೆಯಲ್ಲಿತ್ತು, ಲೆಕ್ಕಾನೂ ಅದೇ ಮನುಷ್ಯರೇ ಮಾಡ್ತಿದ್ದರು, ಹಾಗಾಗಿ ಗಾಡಿ ಓಡ್ತಾ ಇತ್ತು. ಲೆಕ್ಕವನ್ನ ಮೆಷಿನ್ನಿಗೆ ವಹಿಸಿದರು, ಅರ್ಥವನ್ನ ವಹಿಸಲಿಲ್ಲ.

ನಮಗಿಂತ ಮುಂಚೆ ಇನ್ನೊಂದು ತಂಡ ಪ್ರಯೋಗಕ್ಕೆ ಅಂತ ಎರಡು ಮೂರು ಶಾಖೆಗಳನ್ನ ಹೊಸ ವ್ಯವಸ್ಥೆಗೆ ಹಾಕಿತ್ತು. ಅಲ್ಲಿ ಆಗಲೇ ಸಾಲ ನವೀಕರಣ ಶುರುವಾಗಿತ್ತು. ರೈತರೊಬ್ಬರು ಬಂದು, "ಜಮೀನು ಇದ್ದ ಹಾಗೇ ಇದೆ, ಬೆಳೆಯೂ ಅದೇ, ಈ ಸಲ ಸಾಲ ಯಾಕೆ ಕಮ್ಮಿ?" ಅಂತ ಕೇಳಿದರಂತೆ. ಕೌಂಟರಿನಲ್ಲಿದ್ದ ಹೊಸ ಹುಡುಗ "ಕಂಪ್ಯೂಟರ್ ಇಷ್ಟೇ ತೋರಿಸ್ತಿದೆ" ಅಂದನಂತೆ. ಅವರು ಇನ್ನೇನೂ ಕೇಳದೆ ಸಹಿ ಹಾಕಿ ಹೋದರಂತೆ. ಇದನ್ನ ಹೇಳುವಾಗ ಆ ಹಿರಿಯರ ದನಿಯಲ್ಲಿ ಸಿಟ್ಟಿತ್ತು.

ಲೆಕ್ಕಕ್ಕೆ ಅಂತ ಎಕರೆಗೆ 40,000 ರೂಪಾಯಿ ಇಟ್ಟುಕೊಳ್ಳಿ. ಎರಡೂವರೆ ಎಕರೆಗೆ ಒಂದು ಲಕ್ಷ ಸಿಗಬೇಕು. 2.20 ಅನ್ನೋದನ್ನ ದಶಮಾಂಶ ಅಂತ ಓದಿದರೆ 88,000. ಹನ್ನೆರಡು ಸಾವಿರ ಮಾಯ. 1.39 ಇದ್ದವರದ್ದು ಇನ್ನೂ ಕಷ್ಟ. ಹೆಚ್ಚುಕಮ್ಮಿ ಎರಡು ಎಕರೆ, 79,000 ಬರಬೇಕಾದ ಕಡೆ 55,600. ಆ ವ್ಯತ್ಯಾಸವನ್ನ ಬಿತ್ತನೆ ಹೊತ್ತಿಗೆ ಎಲ್ಲಿಂದ ತರೋದು, ಎಷ್ಟು ಬಡ್ಡಿಗೆ ತರೋದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಈ ತಪ್ಪು ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಅಂತ ಆಗೋದಲ್ಲ. ಗುಂಟೆಯನ್ನ ನಲವತ್ತರಿಂದ ಭಾಗಿಸೋ ಬದಲು ನೂರರಿಂದ ಭಾಗಿಸ್ತಾ ಇದೆ, ಹಾಗಾಗಿ ಪ್ರತಿ ಸಲವೂ ಜಮೀನು ಕಮ್ಮಿಯೇ ಆಗುತ್ತೆ. ಸಂಸ್ಥೆಗೆ ಇದರಿಂದ ಕೈಬಿಟ್ಟು ಹೋಗೋದು ಏನೂ ಇಲ್ಲ, ಹಾಗಾಗಿ ಆಡಿಟ್‌ನಲ್ಲಿ ಯಾರ ಕಣ್ಣಿಗೂ ಬೀಳಲ್ಲ. ನಷ್ಟ ಆಗೋರಿಗೆ ಲೆಕ್ಕ ಹೇಗೆ ಮಾಡಿದ್ರು ಅನ್ನೋದೇ ಕಾಣಲ್ಲ. ಯಾವ ಎಚ್ಚರಿಕೆಯ ಗಂಟೆಯೂ ಹೊಡೆಯದೆ ವರ್ಷಗಟ್ಟಲೆ ನಡೆದುಹೋಗಬಹುದಾಗಿದ್ದ ತಪ್ಪು ಇದು.

ಆಮೇಲೆ ಏನು ಮಾಡಿದ್ವಿ? ಮೊದಲು ಪ್ರಯೋಗದ ಶಾಖೆಗಳ ಲೆಕ್ಕ ತಡೆಹಿಡಿಸಿದ್ವಿ. ಆಮೇಲೆ ಒಂದು ಕಾಲಂ ಇದ್ದ ಕಡೆ ನಾಲ್ಕು ಮಾಡಿದ್ವಿ. ಪಹಣಿಯಲ್ಲಿ ಇದ್ದ ಹಾಗೇ ಬರೆದಿಡಲು ಒಂದು, ಅಳತೆ ಗುಂಟೆಯೋ ಸೆಂಟ್ಸೋ ಅಂತ ಹೇಳಲು ಒಂದು, ಎರಡಕ್ಕೂ ಹೊಂದೋ ಹಾಗೆ ಚದರ ಮೀಟರಿಗೆ ಬದಲಾಯಿಸಿದ್ದು ಒಂದು, ಈ ಮಾಹಿತಿ ಯಾವ ಪಹಣಿಯಿಂದ ಯಾವ ತಾರೀಕು ಬಂತು ಅನ್ನೋದು ಒಂದು. ಖರಾಬು ಕಳೆದ ಮೇಲಿನ ವಿಸ್ತೀರ್ಣವಾ, ಕಳೆಯೋಕೆ ಮುಂಚಿನದ್ದಾ ಅನ್ನೋ ಪ್ರಶ್ನೆಗೂ ಉತ್ತರ ಬರೆಸಿದ್ವಿ.

ಆದರೂ ಒಂದಷ್ಟು ಸಾಲುಗಳನ್ನ ಯಾವ ಸೂತ್ರದಿಂದಲೂ ಸರಿಮಾಡಕ್ಕೆ ಆಗಲಿಲ್ಲ. ಅಂಕಿಯ ಕಾಲಮ್ಮಿಗೆ 2.2 ಮತ್ತು 2.20 ಎರಡೂ ಒಂದೇ. ಹಾಗಾಗಿ ಯಾರೋ 2.2 ಅಂತ ಟೈಪ್ ಮಾಡಿದ್ದರೆ ಅದು ಎರಡು ಎಕರೆ ಎರಡು ಗುಂಟೆಯೋ, ಎರಡು ಎಕರೆ ಇಪ್ಪತ್ತು ಗುಂಟೆಯೋ? ದೇವರಿಗೇ ಗೊತ್ತು. ಎಷ್ಟೇ ಬುದ್ಧಿವಂತ ಪ್ರೋಗ್ರಾಂ ಬರೆದರೂ ಆ ಉತ್ತರ ಡೇಟಾದಲ್ಲೇ ಇಲ್ಲ. ಶಾಖೆಯವರು ಕಡತ ಹುಡುಕಿ, ಪಹಣಿ ತೆಗೆದು, ಒಂದೊಂದಾಗಿ ನೋಡಬೇಕಾಯ್ತು. ಟೈಪ್ ಮಾಡಿದ ದಿನ ಒಂದೇ ಒಂದು ಸಾಲು ವಿವರ ಬರೆದಿದ್ದರೆ ಉಳೀತಿದ್ದ ಕೆಲಸ ಅದು.

ಬರೆಯೋದು ಕಷ್ಟ ಏನಲ್ಲ ಅನ್ನೋದು ಇನ್ನೊಂದು ತಮಾಷೆ. ಒರಾಕಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ "ಕಾಮೆಂಟ್ ಆನ್ ಕಾಲಂ" ಅಂತ ಒಂದು ಆದೇಶ ಇದೆ. "ಎಕರೆ ಮತ್ತು ಗುಂಟೆ, ಚುಕ್ಕಿಯ ಆಚೆ ಗುಂಟೆ, 00ರಿಂದ 39" ಅಂತ ಒಂದು ವಾಕ್ಯ ಅಲ್ಲೇ, ಆ ಕಾಲಮ್ಮಿಗೇ ಅಂಟಿಸಿಡಬಹುದು. ಅರ್ಧ ನಿಮಿಷದ ಕೆಲಸ. ಎಕ್ಸೆಲ್ ಹಾಳೆಯ ಹಾಗೆ ಕಳೆದುಹೋಗಲ್ಲ, ಡೇಟಾಬೇಸ್ ಇರೋವರೆಗೂ ಅದರ ಜೊತೆಗೇ ಇರುತ್ತೆ. ಆದರೆ ನಾನು ನೋಡಿದ ಬಹಳಷ್ಟು ಡೇಟಾಬೇಸುಗಳಲ್ಲಿ ಆ ಜಾಗ ಖಾಲಿ. ಅದು ಯಾರ ಕೆಲಸ ಅಂತ ಎಲ್ಲೂ ಬರೆದಿರಲ್ಲ. ಪ್ರೋಗ್ರಾಮರ್ "ಅರ್ಥ ನಂಗೆ ಗೊತ್ತಿಲ್ಲ, ಬಿಸಿನೆಸ್‌ನವರು ಬರೀಲಿ" ಅಂತಾನೆ. ಬಿಸಿನೆಸ್‌ನವರು "ಡೇಟಾಬೇಸ್ ಮುಟ್ಟೋದು ಐಟಿ ಕೆಲಸ" ಅಂತಾರೆ. ಇಬ್ಬರ ನಡುವೆ ಕೂಸು ಬಡವಾಯ್ತು.

ಈ ಗುಂಟೆ ಕಥೆ ನಮ್ಮ ನೆಲದ್ದು ಅಷ್ಟೇ, ರೋಗ ಮಾತ್ರ ಎಲ್ಲ ಕಡೆಯದ್ದು. ಅಮೆರಿಕದ ನಾಸಾ ಕಳಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹವನ್ನ ತಲುಪೋ ಹೊತ್ತಿಗೆ ನಾಶವಾಯ್ತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರು ನೂಕುಬಲದ ಲೆಕ್ಕವನ್ನ ಪೌಂಡಿನಲ್ಲಿ ಕೊಡ್ತಿತ್ತು, ಅದನ್ನ ಬಳಸೋ ಇನ್ನೊಂದು ಸಾಫ್ಟ್‌ವೇರು ನ್ಯೂಟನ್ ಅಂತ ಓದ್ತಿತ್ತು. ನಾಲ್ಕೂವರೆ ಪಟ್ಟಿನ ಹತ್ತಿರ ವ್ಯತ್ಯಾಸ. ಅವರಿಗೆ ಮಂಗಳ ತಪ್ಪಿತು, ನಮ್ಮವರಿಗೆ ಬಿತ್ತನೆ ಬೀಜದ ದುಡ್ಡು ತಪ್ಪಿತು.

ಅಳತೆ ಬಿಡಿ, ಪದಗಳದ್ದೂ ಇದೇ ಪಾಡು. "ನಮಗೆ ಎಷ್ಟು ಗ್ರಾಹಕರಿದ್ದಾರೆ?" ಅಂತ ಯಾವುದಾದರೂ ಕಂಪನಿಯ ಮೀಟಿಂಗಿನಲ್ಲಿ ಕೇಳಿ ನೋಡಿ. ಮಾರಾಟ ವಿಭಾಗದವರಿಗೆ ಒಮ್ಮೆ ಕೊಂಡವರೆಲ್ಲ ಗ್ರಾಹಕರು. ಹಣಕಾಸಿನವರಿಗೆ ಈ ವರ್ಷ ಬಿಲ್ ಆದವರು ಮಾತ್ರ. ಸಹಾಯವಾಣಿಯವರಿಗೆ ಫೋನ್ ನಂಬರ್ ಕೊಟ್ಟವರೆಲ್ಲ. ಮೂರು ವಿಭಾಗ, ಮೂರು ಅಂಕಿ, ಅರ್ಧ ದಿನ ಜಗಳ. ಪ್ರತಿಯೊಬ್ಬರೂ ಇನ್ನೊಬ್ಬರ ಡೇಟಾ ತಪ್ಪು ಅಂತಾರೆ. ಡೇಟಾ ಎಲ್ಲರದ್ದೂ ಸರಿಯಾಗೇ ಇರುತ್ತೆ. ಈ ಪದಕ್ಕೆ ನಮ್ಮ ಕಂಪನಿಯಲ್ಲಿ ಇದೇ ಅರ್ಥ ಅಂತ ಒಂದು ಕಡೆ ಬರೆದಿಟ್ಟು, ಅದಕ್ಕೆ ಇಂಥವರು ಜವಾಬ್ದಾರರು ಅಂತ ಹೆಸರು ಹಾಕೋದಕ್ಕೆ ಬಿಸಿನೆಸ್ ಗ್ಲಾಸರಿ ಅಂತಾರೆ. ಕೇಳೋಕೆ ಸಪ್ಪೆ ಕೆಲಸ. ಆದರೆ ಆ ಅರ್ಧ ದಿನದ ಜಗಳ ಉಳಿಯುತ್ತೆ.

ತಾರೀಕುಗಳದ್ದು ಇನ್ನೊಂದು ಕಥೆ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ 01-01-1900 ಅಂತ ಹಾಕೋ ಅಭ್ಯಾಸ ಎಷ್ಟೋ ಕಡೆ ಇದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗೆ ತಾರೀಕಿನ ಜಾಗದಲ್ಲಿ ಖಾಲಿ ಅಕ್ಷರ ಕೊಟ್ಟರೆ ಅದು ತಾನಾಗೇ ಆ ತಾರೀಕು ಮಾಡಿಕೊಳ್ಳುತ್ತೆ. ಇದನ್ನ ತಿಳಿಯದವರು ಗ್ರಾಹಕರ ಸರಾಸರಿ ವಯಸ್ಸು ಲೆಕ್ಕ ಹಾಕಿದರೆ, ನೂರಿಪ್ಪತ್ತು ದಾಟಿದ ಅಜ್ಜ ಅಜ್ಜಿಯರ ದೊಡ್ಡ ಜಾತ್ರೆಯೇ ಸಿಗುತ್ತೆ :)

ಇನ್ನು ಹೆಸರು ಬದಲಾಗೋದು. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯ್ತು. ಬ್ಯಾಂಗಲೋರ್ ಬೆಂಗಳೂರಾಯ್ತು, ಬೆಳಗಾಂ ಬೆಳಗಾವಿ ಆಯ್ತು, ಗುಲ್ಬರ್ಗಾ ಕಲಬುರಗಿ ಆಯ್ತು. ಖುಷಿಯ ವಿಷಯವೇ. ಆದರೆ ಹಳೇದೂ ಹೊಸದೂ ಎರಡೂ ಉಳಿದುಕೊಂಡ ಡೇಟಾಬೇಸುಗಳಲ್ಲಿ ಗುಲ್ಬರ್ಗಾದಲ್ಲಿ ವ್ಯಾಪಾರ ಬಿದ್ದುಹೋಯ್ತು, ಕಲಬುರಗಿ ಅನ್ನೋ ಹೊಸ ಊರಲ್ಲಿ ಜೋರಾಗಿ ಎದ್ದಿತು! ಬ್ಯಾಂಕುಗಳದ್ದೂ ಹಾಗೇ. ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್ ಜೊತೆ, ಕಾರ್ಪೊರೇಶನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕ್ ಜೊತೆ ಸೇರಿದವು. ಸಿಂಡಿಕೇಟಿನ ಹಳೇ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈನಿಂದ ನಡೆಯದೇ ಹೋದವು. ಹಾಗಂತ ಹಳೇ ದಾಖಲೆಯಲ್ಲಿ ಆ ಕೋಡು ಇದ್ದರೆ ಅದು ತಪ್ಪಲ್ಲ, ಆ ದಿನಕ್ಕೆ ಅದೇ ಸರಿ. ಇಂಥ ಕೋಡಿಗೆ ಯಾವಾಗಿನಿಂದ ಯಾವಾಗಿನವರೆಗೆ ಬೆಲೆ ಇತ್ತು ಅನ್ನೋ ಎರಡು ತಾರೀಕು ಪಕ್ಕದಲ್ಲಿದ್ದರೆ ಹಳೇದೂ ಉಳಿಯುತ್ತೆ, ಹೊಸದೂ ನಡೆಯುತ್ತೆ. ಅದೂ ಮೆಟಾಡೇಟಾನೇ.

ಈಗ ಕಾನೂನುಗಳೂ ಇದನ್ನ ಕೇಳ್ತಿವೆ. ಹತ್ತಿರತ್ತಿರ 2008ರ ಜಾಗತಿಕ ಆರ್ಥಿಕ ಕುಸಿತದ ಹೊತ್ತಿಗೆ ದೊಡ್ಡ ದೊಡ್ಡ ಬ್ಯಾಂಕುಗಳಿಗೇ ತಮ್ಮ ಅಪಾಯ ಒಟ್ಟು ಎಷ್ಟು ಅಂತ ಬೇಗ ಕೂಡಿಸಿ ಹೇಳಕ್ಕೆ ಆಗಲಿಲ್ಲ. ಆ ಪಾಠದಿಂದ ಬಾಸೆಲ್ ಸಮಿತಿ 2013ರಲ್ಲಿ ಹೊರಡಿಸಿದ ತತ್ವಗಳಲ್ಲಿ ಮೆಟಾಡೇಟಾ ಅನ್ನೋ ಪದವನ್ನೇ ಹೆಸರಿಸಿ ಹೇಳಿದ್ದಾರೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಯಾವ ಉದ್ದೇಶಕ್ಕೆ ಮಾಹಿತಿ ತಗೊಂಡರೋ ಅದಕ್ಕೇ ಬಳಸಬೇಕು, ಅಗತ್ಯ ತೀರಿದ ಮೇಲೆ ಅಳಿಸಬೇಕು. ಸರಿ, ನಿಮ್ಮ ಫೋನ್ ನಂಬರನ್ನ ಒಂದು ಕಂಪನಿ ಅಳಿಸಬೇಕು ಅಂತಿಟ್ಟುಕೊಳ್ಳಿ. ಅದು ನೂರಾರು ಟೇಬಲ್ಲುಗಳಲ್ಲಿ ಎಲ್ಲೆಲ್ಲಿ ಕೂತಿದೆ, ಯಾವ ಹೆಸರಿನ ಕಾಲಮ್ಮಿನಲ್ಲಿದೆ, ಯಾಕೆ ತಗೊಂಡಿದ್ದು ಅಂತ ಬರೆದಿಡದೇ ಇದ್ದವರು ಎಲ್ಲಿ ಅಂತ ಹುಡುಕ್ತಾರೆ?

ಇದನ್ನೆಲ್ಲ ಈಗಲೇ ಬರೆಯಬೇಕು ಅನ್ನಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಈಗ ಆಫೀಸುಗಳಲ್ಲಿ ಎಐ ಬಂದು ಕೂತಿದೆ. "ಈ ತಾಲ್ಲೂಕಿನ ರೈತರ ಒಟ್ಟು ಜಮೀನು ಎಷ್ಟು?" ಅಂತ ಮಾಮೂಲಿ ಮಾತಿನಲ್ಲಿ ಕೇಳಿದರೆ ಅದೇ ಡೇಟಾಬೇಸಿಗೆ ಪ್ರಶ್ನೆ ಬರೆದು ಉತ್ತರ ತಂದುಕೊಡುತ್ತೆ. ನೋಡಿ ಬೆರಗಾಗಿದ್ದೀನಿ ನಾನೂ. ಆದರೆ ಅದು ಓದೋದು ಕಾಲಮ್ಮಿನ ಹೆಸರು, ಬಗೆ, ಪಕ್ಕದಲ್ಲಿ ವಿವರಣೆ ಇದ್ದರೆ ಆ ವಿವರಣೆ. "ಎಕ್ಸ್‌ಟೆಂಟ್, ಅಂಕಿ, ಎರಡು ದಶಮಾಂಶ" ಅಂತ ಮಾತ್ರ ಇದ್ದರೆ ಅದು ಗುಂಟೆ ಅಂತ ಹೇಗೆ ತಾನೇ ಊಹಿಸೀತು? ಬಹಳ ಆತ್ಮವಿಶ್ವಾಸದಿಂದ, ಒಳ್ಳೇ ಭಾಷೆಯಲ್ಲಿ, ತಪ್ಪು ಉತ್ತರ ಕೊಡುತ್ತೆ. ಕೌಂಟರಿನ ಆ ಹುಡುಗನ "ಕಂಪ್ಯೂಟರ್ ಇಷ್ಟೇ ತೋರಿಸ್ತಿದೆ" ಅನ್ನೋ ಮಾತಿಗೆ ಇನ್ನಷ್ಟು ಬಲ ಬರುತ್ತೆ.

ನಮ್ಮ ಹಳ್ಳಿಗಳಲ್ಲಿ ಒಂದು ವಿಷಯ ಗಮನಿಸಿದ್ದೀರಾ? ಶಾಲೆಗೆ ಹೋಗದ ಅಜ್ಜಂದಿರೂ ಪಹಣಿ ಬಗ್ಗೆ ಮಾತಾಡುವಾಗ "ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದನೇ ಕಾಲಂನಲ್ಲಿ ಸಾಲ ಏನಾದ್ರೂ ಕೂತಿದೆಯಾ" ಅಂತ ಕೇಳ್ತಾರೆ. ಒಂಬತ್ತು ಅಂದರೆ ಒಡೆತನ, ಹನ್ನೊಂದು ಅಂದರೆ ಋಣ. ತಮ್ಮ ಬದುಕು ಯಾವ ಕಾಲಮ್ಮಿನಲ್ಲಿ ಕೂತಿದೆ, ಆ ಕಾಲಮ್ಮಿನ ಅರ್ಥ ಏನು ಅಂತ ಅವರಿಗೆ ಬಾಯಿಪಾಠ. ಒಂದು ಕಾಲದಲ್ಲಿ ಶಾನುಭೋಗರ ಲೆಕ್ಕ ಶಾನುಭೋಗರಿಗೇ ಅರ್ಥ ಅನ್ನೋ ಹಾಗಿತ್ತು. ಖಡತದ ಅರ್ಥ ಯಾರ ತಲೆಯಲ್ಲಿತ್ತೋ ಊರೂ ಅವರ ಕೈಯಲ್ಲಿತ್ತು. ಪಹಣಿ ಕಂಪ್ಯೂಟರಿಗೆ ಬಂದ ಮೇಲೆ ರೈತ ದುಡ್ಡು ಕಟ್ಟಿ ಪ್ರತಿ ತಗೊಂಡು ತಾನೇ ಓದಿ ನೋಡಬಹುದು, ಯಾಕೆ ಅಂದರೆ ಪ್ರತಿ ಕಾಲಮ್ಮಿನ ತಲೆಯ ಮೇಲೂ ಅದು ಏನು ಅಂತ ಕನ್ನಡದಲ್ಲಿ ಬರೆದಿದೆ.

ಆ ಹಿರಿಯ ಆಫೀಸರು ಅದಾದ ಮೇಲೆ ನಿವೃತ್ತರಾದರು. ಅವರ ತಲೆಯಲ್ಲಿ ಇನ್ನೂ ಏನೇನಿತ್ತೋ, ಯಾವ ಯಾವ ಚುಕ್ಕಿ ನಿಜವಾಗಿ ಗೆರೆಯಾಗಿತ್ತೋ, ಅವರ ಜೊತೆ ಮನೆಗೆ ಹೋಯ್ತು. ನಮಗೆ ಒಂದೇ ಒಂದು ಕಾಲಮ್ಮಿನ ಬಗ್ಗೆ ಕೇಳೋಕೆ ಸಮಯ ಸಿಕ್ಕಿತ್ತು.

ನಿಮ್ಮ ಆಫೀಸಿನಲ್ಲೂ ಇಂಥವರು ಒಬ್ಬರಾದರೂ ಇರ್ತಾರೆ. "ಅದನ್ನ ಅವರನ್ನ ಕೇಳಿ, ಅವರಿಗೇ ಗೊತ್ತು" ಅಂತ ಎಲ್ಲರೂ ಬೆರಳು ತೋರಿಸ್ತಾರಲ್ಲ, ಅವರು. ನಾಳೆ ಒಂದು ಕಾಫಿ ಕುಡಿಸಿ, ಒಂದು ಕಾಲಮ್ಮಿನ ಅರ್ಥ ಕೇಳಿ, ಆ ಕಾಲಮ್ಮಿನ ಪಕ್ಕದಲ್ಲೇ ಬರೆದಿಡಿ. ಹಾಗೇ ನಿಮ್ಮೂರಿನ ಕಡೆ ನೆಲದ ಅಳತೆಗೆ ಏನಂತಾರೆ, ಗುಂಟೆಯೋ, ಸೆಂಟ್ಸೋ, ಇನ್ನೇನಾದರೂ ಹೆಸರಿದೆಯೋ, ನನಗೂ ಒಂದು ಸಾಲು ಬರೆದು ತಿಳಿಸಿ. ಪಟ್ಟಿ ಮಾಡ್ತಾ ಇದ್ದೀನಿ.